ಪ್ಲಗ್ ಬಿಸಿಯಾಗಿತ್ತು

ಅವ್ವ ಮಂಡಿನೋವಿನ ಚಿಕಿತ್ಸೆಗೆಂದು ಮೈಸೂರಿಗೆ ಬಂದು ಹತ್ತು ದಿನವಾಗಿತ್ತು. ನಾನು ಹತ್ತೂವರೆಗೆ ಗಂಗೋತ್ರಿಗೆ ಹೊರಡಬೇಕು. ಅವ್ವ ಎಂಟಕ್ಕೇ ಒಲೆಯ ಮುಂದೆ ನಿಂತರೂ ಅನ್ನ, ಸಾರು ಆಗುವಷ್ಟರಲ್ಲಿ ಹತ್ತಾಗಿಬಿಡುತ್ತಿತ್ತು. ಇಂಡಕ್ಷನ್ ಸ್ಟೌವ್ ಮೇಲೆ ಒಂದು ಲೀಟರ್ ನೀರು ಕುದಿಯಲು ನಾಲ್ಕು ನಿಮಿಷ ಸಾಕು. ಇಬ್ಬರ ಅಡುಗೆಗೆ ಎರಡು ಗಂಟೆ ಯಾಕೆ? ಹೊಸ ಒಲೆ, ಗುಂಡಿಗಳು ಇನ್ನೂ ಕೈಗೆ ಹತ್ತಿಲ್ಲ ಎಂದು ನಾನೇ ಕಾರಣ ಹುಡುಕಿಕೊಂಡು ಸುಮ್ಮನಾಗಿದ್ದೆ.

ಹನ್ನೊಂದನೆಯ ದಿನ ಭಾನುವಾರ. ಮನೆಯಲ್ಲೇ ಇದ್ದೆ. ಅನ್ನ ಅರ್ಧ ಬೆಂದಿತ್ತು, ಅಷ್ಟರಲ್ಲಿ ಅವ್ವ ಒಲೆ ಆರಿಸಿದಳು. ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಪ್ಲಗ್ ಕಿತ್ತಳು. ಆಮೇಲೆ ಗೋಡೆಗೊರಗಿ ಕೂತು ಅವರೆಕಾಯಿ ಸುಲಿಯತೊಡಗಿದಳು.

"ಯಾಕವ್ವ ಆರಿಸ್ದೆ?"

"ಸುಮ್ನೆ."

"ಸೆರಗು ಯಾಕೆ ಸುತ್ಕೊಂಡೆ?"

"ಬಿಸಿ ಆಯ್ತದೆ ಕಣ್ಮಗ. ತಣ್ಣಗಾಗ್ಲಿ ಅಂತ ಬಿಟ್ಟಿವ್ನಿ."

ಮೊದಲ ದಿನದಿಂದಲೂ ಬಿಸಿಯಾಗುತ್ತಿತ್ತಂತೆ. ಅದಕ್ಕೇ ಅವಳು ಅಡುಗೆಯನ್ನು ತುಂಡು ತುಂಡಾಗಿ ಮಾಡುತ್ತಿದ್ದಳು. ಹತ್ತು ನಿಮಿಷ ಒಲೆ, ಹದಿನೈದು ನಿಮಿಷ ವಿರಾಮ. ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳಿದ್ರೆ ನೀನು ಓನರ್ ಹತ್ರ ಹೋಯ್ತಿಯ. ಅವ್ರು ಏನಾರ ಅಂದಾರು. ಬಾಡಿಗೆ ಮನೆ. ನಾನಿರೋದು ಇನ್ನೊಂದ್ ಇಪ್ಪತ್ತು ದಿವ್ಸ" ಎಂದಳು.

ಪ್ಲಗ್ ಮುಟ್ಟಿ ನೋಡಿದೆ. ಒಂದು ಬದಿಯ ಪ್ಲಾಸ್ಟಿಕ್ ಕಂದು ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಅವತ್ತು ಊಟ ಹೋಟೆಲಿನಿಂದ ಬಂತು.

ತಪ್ಪು ಅಂಗಡಿಯಲ್ಲೇ ಆಗಿತ್ತು. ಸ್ಟೌವಿನ ಪ್ಲಗ್ಗಿಗೆ ಮೂರು ದಪ್ಪ ಪಿನ್ನುಗಳು. ನಮ್ಮ ಅಡುಗೆಮನೆಯಲ್ಲಿರುವುದು ಮಿಕ್ಸಿ ಹಾಕುವ ಒಂದೇ ಒಂದು ಸಣ್ಣ ಸಾಕೆಟ್. ಅದನ್ನು ಹೇಳಿದಾಗ ಅಂಗಡಿಯವರು ಒಂದು ಕನ್ವರ್ಟರ್ ಕೊಟ್ಟರು. ಅದರ ಒಂದು ಕಡೆ ದಪ್ಪ ಪಿನ್ನಿಗೆ ತೂತು, ಇನ್ನೊಂದು ಕಡೆ ಸಣ್ಣ ಪಿನ್ನು. "ಎಲ್ರೂ ಇದನ್ನೇ ಹಾಕ್ಕೊಳ್ಳೋದು ಮೇಡಂ." ದಪ್ಪ ಪಿನ್ನು ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿದ್ದು ಯಾಕಿರಬಹುದು ಎಂದು ಅಲ್ಲಿ ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ನಾನು ದುಡ್ಡು ಕೊಟ್ಟು ಬಂದೆ.

ಆ ಮಧ್ಯಾಹ್ನ ಸ್ಟೌವನ್ನು ಬೋರಲು ಹಾಕಿ ಚೀಟಿ ಓದಿದೆ: 2000 ವ್ಯಾಟ್, 230 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಹೈಸ್ಕೂಲಿನ ಲೆಕ್ಕ. 8.7 ಬಂತು. ಟಾರ್ಚ್ ಹಿಡಿದು ನೋಡಿದರೆ ಸಾಕೆಟ್ಟಿನ ಮೇಲೆ ಸಣ್ಣದಾಗಿ 6 ಎ ಎಂದು ಅಚ್ಚಾಗಿತ್ತು. ಎರಡು ವರ್ಷದಿಂದ ದಿನವೂ ನೋಡುತ್ತಿದ್ದ ಸಾಕೆಟ್.

ಚೀಟಿಯ ಮೇಲೆ ಬರೆದಷ್ಟನ್ನೇ ಅದು ಎಳೆಯುತ್ತದೆಯೇ ಎಂಬುದನ್ನೂ ನೋಡೋಣವೆನಿಸಿತು. ನಮ್ಮದು ನಾಲ್ಕು ಮನೆಗಳ ಹಳೆಯ ಅಪಾರ್ಟ್‌ಮೆಂಟ್, ಮೀಟರುಗಳೆಲ್ಲ ಮೆಟ್ಟಿಲ ಕೆಳಗೆ. ನಮ್ಮ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 ಎಂದು ಬರೆದಿದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯಲ್ಲಿ ಬೇರೆಲ್ಲ ಆರಿಸಿ, ಒಂದೇ ನಿಮಿಷ ಒಲೆ ಹಚ್ಚಲು ಅವ್ವನಿಗೆ ಹೇಳಿ ಕೆಳಗಿಳಿದೆ. ಮೂವತ್ತು ಸೆಕೆಂಡಿನಲ್ಲಿ ಐವತ್ತಮೂರು ಮಿಣುಕು. ಗುಣಿಸಿ ನೋಡಿದರೆ ಹೆಚ್ಚುಕಡಿಮೆ ಎರಡು ಕಿಲೋವ್ಯಾಟ್. ಚೀಟಿ ಸುಳ್ಳು ಹೇಳಿರಲಿಲ್ಲ. ಹಾಗೇ ಬಿಲ್ ತೆಗೆದು ನೋಡಿದೆ. ಮಂಜೂರಾದ ಲೋಡ್ ಕೂಡ ಎರಡು ಕಿಲೋವ್ಯಾಟೇ. ಇಡೀ ಮನೆಗೆ ಕೇಳಿಕೊಂಡಿದ್ದಷ್ಟನ್ನೂ ಒಲೆಯೊಂದೇ ಎಳೆಯುತ್ತಿತ್ತು. ಬಚ್ಚಲಮನೆಯ ಗೀಸರ್ ಕೂಡ ಎರಡು ಕಿಲೋವ್ಯಾಟಿನದು. ಬೆಳಿಗ್ಗೆ ಎಂಟಕ್ಕೆ ಎರಡೂ ಒಟ್ಟಿಗೇ ನಡೆಯುತ್ತಿದ್ದವು.

ಮರುದಿನ ಬಂದ ಎಲೆಕ್ಟ್ರಿಷಿಯನ್‌ಗೆ ಅರವತ್ತರ ಹತ್ತಿರ ವಯಸ್ಸು. ನನ್ನ ಮೊದಲ ಪ್ರಶ್ನೆ ಇದಾಗಿತ್ತು: "ಇಷ್ಟೆಲ್ಲ ಆದ್ರೂ ಎಂಸಿಬಿ ಯಾಕಣ್ಣ ಟ್ರಿಪ್ ಆಗ್ಲಿಲ್ಲ?" ಅಪಾಯವಿದ್ದರೆ ಅದೇ ಬೀಳುತ್ತದೆ, ಬೀಳಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ನಾನು ನಂಬಿದ್ದೆ.

ಅವರು ಬೋರ್ಡಿನ ಕಡೆ ಕೈ ತೋರಿಸಿದರು. ಆ ಲೈನಿಗೆ ಹಾಕಿದ್ದ ಎಂಸಿಬಿ 16 ಆಂಪಿಯರಿನದು. ಒಂಬತ್ತು ಆಂಪಿಯರ್ ಹೋದರೆ ಅದಕ್ಕೇನು? ಇಡೀ ದಿನ ಹೋದರೂ ಅದು ಬೀಳುವುದಿಲ್ಲ. ಸಾಕೆಟ್ಟಿನ ಯೋಗ್ಯತೆ ಆರೇ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಸಡಿಲವಾದ ಸ್ಕ್ರೂ ಕಾದರೂ ತಿಳಿಯುವುದಿಲ್ಲ. "ಅದು ಕರೆಂಟ್ ಎಷ್ಟು ಹೋಯ್ತು ಅಂತ ನೋಡ್ತದೆ ಕಣಮ್ಮ. ಬಿಸಿ ಎಲ್ಲಿ ಆಯ್ತಾ ಇದೆ ಅಂತ ನೋಡಲ್ಲ."

ಪ್ಲಗ್ ಬೇರೆ ತಂದು ಒಲೆ ಹಚ್ಚಿಸಿ ಅವರು ಮೀಟರ್ ಹಿಡಿದರು. ಒಲೆ ಆರಿದ್ದಾಗ ಸಾಕೆಟ್ಟಿನಲ್ಲಿ 226 ವೋಲ್ಟ್, ಹಚ್ಚಿದಾಗ 211. ನಡುವಿನ ಹದಿನೈದು ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. ಒಂಬತ್ತು ಆಂಪಿಯರಿನಿಂದ ಗುಣಿಸಿದರೆ ನೂರ ಇಪ್ಪತ್ತಕ್ಕೂ ಹೆಚ್ಚು ವ್ಯಾಟ್. ಅರವತ್ತು ವ್ಯಾಟಿನ ಎರಡು ಹಳೇ ಹಳದಿ ಬಲ್ಬುಗಳು ಕೊಡುವಷ್ಟು ಶಾಖ ಆ ವೈರು, ಸಾಕೆಟ್ಟುಗಳಲ್ಲಿ ಹುಟ್ಟುತ್ತಿತ್ತು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದರು. ಒಳಗೆ ಒನ್ ಎಂಎಂ ವೈರು. ತುದಿಯ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥ್ ವೈರೇ ಇರಲಿಲ್ಲ.

"ಮಿಕ್ಸಿಗೆ ಮಾಡಿದ ಪಾಯಿಂಟು ಇದು" ಎಂದರು. ಐನೂರು ವ್ಯಾಟಿನ ಮಿಕ್ಸಿಗಿಂತ ಈ ಒಲೆ ನಾಲ್ಕು ಪಟ್ಟು ಕರೆಂಟ್ ಎಳೆಯುತ್ತದೆ. ವೈರಿನ ಶಾಖ ನಾಲ್ಕು ಪಟ್ಟಲ್ಲ, ಕರೆಂಟಿನ ವರ್ಗದಂತೆ ಏರಿ ಹದಿನಾರು ಪಟ್ಟಾಗುತ್ತದೆ. ಮಿಕ್ಸಿ ತಿರುಗುವುದು ಎರಡು ನಿಮಿಷ, ಒಲೆ ಉರಿಯುವುದು ಮುಕ್ಕಾಲು ಗಂಟೆ. ಅವ್ವ ಹತ್ತು ನಿಮಿಷಕ್ಕೊಮ್ಮೆ ಆರಿಸುತ್ತಿದ್ದಳೆಂದು ಹೇಳಿದಾಗ ಅವರು ಅವಳ ಕಡೆ ತಿರುಗಿ, "ಅದಕ್ಕೇ ಉಳ್ಕಂಡಿದೆ ಬುಡಿ" ಎಂದರು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಹಳ್ಳಿಯ ಹೆಂಗಸರು ಹೇಳದೆ ಉಳಿಸಿಕೊಂಡ ಮಾತುಗಳ ಬಗ್ಗೆ ಮೂರು ವರ್ಷದಿಂದ ಪ್ರಬಂಧ ಬರೆಯುತ್ತಿದ್ದೇನೆ.

ಅವ್ವನ ತವರು ಕೊಳ್ಳೇಗಾಲದ ಕಡೆ, ಶಿವನಸಮುದ್ರದಿಂದ ದೂರವೇನಲ್ಲ. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು 140 ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅವ್ವನ ಮನೆಗೆ ಬೆಳಕು ಬಂದದ್ದು ಅವಳು ಏಳನೇ ಕ್ಲಾಸಿನಲ್ಲಿದ್ದಾಗ, ಭಾಗ್ಯಜ್ಯೋತಿಯ ಒಂದೇ ಬಲ್ಬಿನ ರೂಪದಲ್ಲಿ. ಒಮ್ಮೆ ನಮ್ಮ ಮಾವ ಅದೇ ಹೋಲ್ಡರಿನಿಂದ ರೇಡಿಯೋಗೆ ಎಳೆ ತೆಗೆದಿದ್ದನಂತೆ. ಅದನ್ನು ನೋಡಿದ ಲೈನ್‌ಮನ್ ಬೀದಿಯಲ್ಲಿ ನಿಂತು ಅಜ್ಜಿಯನ್ನು ಬೈದುಹೋಗಿದ್ದ. ಇದೆಲ್ಲ ಅವತ್ತು ರಾತ್ರಿ ಅವ್ವ ಹೇಳಿದ್ದು. ಕರೆಂಟ್ ಹೊಡೆಯುತ್ತದೆಂಬ ಹೆದರಿಕೆ ಅವಳಿಗೆ ಅಷ್ಟಿಲ್ಲ. ಯಾರಾದರೂ ಬಂದು ಕೇಳಿಯಾರೆಂಬ ಹೆದರಿಕೆ ಈಗಲೂ ಇದೆ.

ಕೇಳುವುದು ನನ್ನ ಪಾಲಿಗೆ ಬಂತು. ಸಂಜೆ ಕೆಳಗಿನ ಮನೆಗೆ ಹೋದೆ. ಓನರ್ ಅಂಕಲ್ ಕೆಟ್ಟವರಲ್ಲ, ಆದರೆ ಖರ್ಚಿನ ಮಾತೆಂದರೆ ಅವರ ಮುಖ ಬೇರೆಯಾಗುತ್ತದೆ. "ಹಿಂದಿದ್ದವರೂ ಇಂಡಕ್ಷನ್ನೇ ಇಟ್ಕೊಂಡಿದ್ರಲ್ಲ, ಏನೂ ಆಗ್ಲಿಲ್ಲವಲ್ಲ" ಎಂದರು. ವಾದ ಮಾಡದೆ ಕರಕಲಾದ ಕನ್ವರ್ಟರನ್ನು ಅವರ ಕೈಗಿಟ್ಟೆ. ತಿರುಗಿಸಿ ನೋಡಿದರು, ಮೂಸಿದರು. ಏನೂ ಹೇಳದೆ ಎದ್ದು ಒಳಗೆ ಹೋದರು. ಆಂಟಿಯ ಅಡುಗೆಮನೆಯಿಂದ ಅಂಥದ್ದೇ ಇನ್ನೊಂದು ಕನ್ವರ್ಟರ್ ಹಿಡಿದು ಹೊರಗೆ ಬಂದರು. ಇನ್ನೂ ಕಂದಾಗಿರಲಿಲ್ಲ.

ಖರ್ಚು ಅರ್ಧರ್ಧ ಎಂದಾಯಿತು. ಮನೆ ಬಿಡುವಾಗ ವೈರು ಬಿಚ್ಚಿಕೊಂಡು ಹೋಗಲಾಗುವುದಿಲ್ಲವೆಂದು ಗೊತ್ತಿದ್ದೂ ಒಪ್ಪಿದೆ. ಗೋಡೆಯೊಳಗಿನ ಪೈಪು ಮುಚ್ಚಿಹೋಗಿದ್ದರಿಂದ ಬೋರ್ಡಿನಿಂದ ಅಡುಗೆಮನೆಯವರೆಗೆ ಬಿಳಿ ಕೇಸಿಂಗ್ ಪಟ್ಟಿ ಹೊಡೆದು ನಾಲ್ಕು ಎಂಎಂ ವೈರು, ಜೊತೆಗೆ ಅರ್ಥ್ ಎಳೆದರು. ಕೊನೆಗೆ 16 ಆಂಪಿಯರಿನ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ. ಲೋಡ್ ಹೆಚ್ಚಿಸಲು ಅರ್ಜಿ ಹಾಕುತ್ತೇನೆಂದು ಅಂಕಲ್ ಹೇಳಿದ್ದಾರೆ. ತಿಂಗಳ ನಿಗದಿತ ಶುಲ್ಕ ಏರಿದರೆ ಆ ವ್ಯತ್ಯಾಸ ನನ್ನದು. ಅಲ್ಲಿಯವರೆಗೆ ಗೀಸರ್ ಆರಿಸಿದ ಮೇಲೆಯೇ ಒಲೆ. ಎಲೆಕ್ಟ್ರಿಷಿಯನ್ ಹೋಗುವ ಮೊದಲು ಮತ್ತೆ ಮೀಟರ್ ಹಿಡಿದು ತೋರಿಸಿದರು. ಒಲೆ ಉರಿಯುವಾಗಲೂ 223.

ಈಗ ಅಡುಗೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೂ ಅವ್ವ ದಿನವೂ ಸ್ವಿಚ್ ಆರಿಸಿದ ಮೇಲೆ ಪ್ಲಗ್ಗಿನ ಮೇಲೆ ಅಂಗೈ ಇಟ್ಟು ನೋಡುತ್ತಾಳೆ. ನಾನು ಓದುತ್ತಿದ್ದರೂ ಸರಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದರೂ ಸರಿ, ಅಡುಗೆಮನೆಯಿಂದ ಕೂಗಿ ಹೇಳುತ್ತಾಳೆ: "ತಣ್ಣಗದೆ ಕಣ್ಮಗ."