ಐದಕ್ಕೇ ಮುಳುಗಿದ ಸೂರ್ಯ

2023ರ ಡಿಸೆಂಬರ್ ಕೊನೆಯ ವಾರ, ಮಂಡ್ಯದಿಂದ ನಾವು ನಾಲ್ವರು ಮೇಷ್ಟ್ರುಗಳು ಅಂಡಮಾನಿನ ಶಹೀದ್ ದ್ವೀಪಕ್ಕೆ ಹೋಗಿದ್ದೆವು. 2018ರವರೆಗೆ ಅದರ ಹೆಸರು ನೀಲ್. ಅಲ್ಲಿನ ಲಕ್ಷ್ಮಣಪುರ ಕಡಲತೀರದಲ್ಲಿ ಅಲೆಗಳೇ ಕೊರೆದ ಕಲ್ಲಿನ ಕಮಾನೊಂದಿದೆ. ಇಳಿತದ ವೇಳೆ ಸತ್ತ ಹವಳದ ಮೇಲೆ ಹೆಜ್ಜೆಯಿಡುತ್ತಾ ಅದರ ಬುಡಕ್ಕೇ ಹೋಗಬಹುದು. ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಕಡಲ ಸೌತೆ, ಏಡಿ, ಪುಟ್ಟ ಮೀನು. ನನ್ನ ಪಾಠ ಶುರುವಾಯಿತು. ಮೇಷ್ಟ್ರ ಬಾಯಿ, ನಿಲ್ಲುವುದುಂಟೆ?

ಐದಕ್ಕೇ ಸೂರ್ಯ ಮುಳುಗಿದ. ಗಡಿಯಾರ ಒಂದೇ ಆದರೂ ಆ ದ್ವೀಪ ಮಂಡ್ಯಕ್ಕಿಂತ 16 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷ, ಲೆಕ್ಕ ಹಾಕಿ. ಮೇಲಾಗಿ ಅಂದು ಹುಣ್ಣಿಮೆಯ ಮಾರನೆಯ ದಿನ. ಸೂರ್ಯ ಚಂದ್ರರಿಬ್ಬರ ಸೆಳೆತವೂ ಸೇರಿ ಉಬ್ಬರ ಜೋರು. ಇವೆರಡನ್ನೂ ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು! ತಿರುಗಿ ನೋಡಿದರೆ ಬಂದ ದಾರಿ ನೀರೊಳಗೆ. ಗಣಿತದ ಮೇಷ್ಟ್ರು ಜಾರಿ ಬಿದ್ದು ಮೊಣಕಾಲು ತರಚಿಕೊಂಡರು. ಎಳನೀರು ಮಾರುವ ಹುಡುಗನೊಬ್ಬ ಟಾರ್ಚ್ ಹಿಡಿದು ಬಂದು, ಒಬ್ಬೊಬ್ಬರನ್ನೇ ಕೈಹಿಡಿದು ದಡ ಸೇರಿಸಿದ.

"ಏನ್ರೀ, ಉಬ್ಬರವಿಳಿತ ಮಕ್ಕಳಿಗೆ ಮಾತ್ರವೋ?" ಎಂದರು ಗಣಿತದವರು, ಗಾಯ ಒತ್ತಿಕೊಳ್ಳುತ್ತಾ.

ಊರಿಗೆ ಬಂದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಇದನ್ನು ನಾನೇ ಹೇಳಿಕೊಂಡೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಆ ಹುಡುಗ ಯಾವ ಸ್ಕೂಲು?" ಎಂದಳು. ನಾನು ಕೇಳಿರಲೇ ಇಲ್ಲ.