ಸ್ಪ್ಯಾನರಿನ ಉತ್ಸರ್ಗಾಪವಾದ

ವ್ಯಾಕರಣದಲ್ಲಿ ಎಲ್ಲೆಡೆಗೂ ಸಲ್ಲುವ ವಿಧಿ ಉತ್ಸರ್ಗವು. ಒಂದೆಡೆಗೆ ಮಾತ್ರ ಸಲ್ಲುವುದು ಅಪವಾದವು. ಅಪವಾದವಿರುವಲ್ಲಿ ಉತ್ಸರ್ಗವು ಹಿಂಜರಿಯತಕ್ಕದ್ದು. ನಮ್ಮ ಗುಡವಿಯ ಅಡಕೆತೋಟದ ಪಂಪುಮನೆಯಲ್ಲಿಯೂ ಇದೇ ನ್ಯಾಯವು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರು ಉತ್ಸರ್ಗ. ಒಂದೇ ಅಳತೆಯ ಸ್ಪ್ಯಾನರು ಅಪವಾದ.

ಕಳೆದ ಬೇಸಗೆಯಲ್ಲಿ ನೆರೆಮನೆಯವರು ತುಕ್ಕು ಹಿಡಿದ ನಟ್ಟೊಂದಕ್ಕೆ ಸ್ಕ್ರೂ ಸ್ಪ್ಯಾನರು ಹಾಕಿ ಬಲವಾಗಿ ಎಳೆದರು. ಅದರ ಚಲಿಸುವ ದವಡೆಯು ತುಸು ಸಡಿಲವಾದುದರಿಂದ ನಟ್ಟಿನ ಮೂಲೆಗಳು ಸವೆದುಹೋದುವು. ಎರಡು ದಿನ ತೋಟಕ್ಕೆ ನೀರಿಲ್ಲ! ಬಿಗಿದ ನಟ್ಟಿಗೆ ಅಳತೆಯ ಸ್ಪ್ಯಾನರೇ ಯೋಗ್ಯವು.

ಹಾಗೆಂದು ಉತ್ಸರ್ಗವು ವ್ಯರ್ಥವಲ್ಲ. ಹಳೆಯ ಯಂತ್ರಗಳಲ್ಲಿ ಇಂಚಿನ ನಟ್ಟುಗಳುಂಟು. 9/16 ಇಂಚು ಸುಮಾರು 14.3 ಮಿಲಿಮೀಟರು, 14ರ ಸ್ಪ್ಯಾನರು ಅದಕ್ಕೆ ಸೇರದು, 15ರದು ಸಡಿಲವು. ಇಂಚಿನ ಸ್ಪ್ಯಾನರು ಮನೆಯಲ್ಲಿಲ್ಲದಿರುವಾಗಲೂ, ಬೋಲ್ಟಿನ ತಲೆಯು ತಿರುಗದಂತೆ ಹಿಡಿಯುವುದಕ್ಕೂ, ನಲ್ಲಿಯ ದೊಡ್ಡ ನಟ್ಟಿಗೂ ಸ್ಕ್ರೂ ಸ್ಪ್ಯಾನರೇ ಗತಿ. ಆದರೆ ದವಡೆಯನ್ನು ನಟ್ಟಿಗೆ ಚೆನ್ನಾಗಿ ಬಿಗಿದು, ಬಲದ ಭಾರವು ಕದಲದ ದವಡೆಯ ಮೇಲೆ ಬೀಳುವಂತೆ ಎಳೆಯಬೇಕು.

ಗೃಹಸ್ಥನು ಎರಡನ್ನೂ ಇಟ್ಟುಕೊಳ್ಳಲಿ. ಮೊದಲು ಅಪವಾದವನ್ನು ಹುಡುಕಿ, ದೊರೆಯದಿದ್ದರೆ ಮಾತ್ರ ಉತ್ಸರ್ಗಕ್ಕೆ ಕೈಯಿಡಲಿ.