ಜೀಪಿನ ಜಾತಕ ಬಿಚ್ಚಿಟ್ಟ ಬಿಸಿಲೆ ರಸ್ತೆ

ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಬಿಸಿಲೆಗೆ ಹೋಗುವ ರಸ್ತೆ ಬೆಂಗಳೂರಿನವರ ಪಾಲಿಗೆ ವೀಕೆಂಡ್ ರಸ್ತೆ. ವ್ಯೂ ಪಾಯಿಂಟ್‌ನಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, ಕೆಳಗೆ ಕಣ್ಣು ಹಾಯಿಸಿದಷ್ಟೂ ಕಾಡು. ನಮ್ಮಂಥ ಅಲ್ಲಿಯವರಿಗೆ ಅದೇ ಸಂತೆಗೆ ಹೋಗುವ ರಸ್ತೆ, ಆಸ್ಪತ್ರೆಗೆ ಹೋಗುವ ರಸ್ತೆ. ಜೂನ್ ಬಂತೆಂದರೆ ಹತ್ತು ಸಲ ಯೋಚಿಸಿ ಮನೆಯಿಂದ ಹೊರಡಬೇಕಾದ ರಸ್ತೆ.

ಹೆತ್ತೂರಿನ ಆಚೆ, ಡಾಂಬರು ಬಿಟ್ಟು 3 ಕಿಲೋಮೀಟರ್ ಮಣ್ಣುದಾರಿಯಲ್ಲಿ ನಮ್ಮ ಮನೆ. ಮಧ್ಯೆ ಒಂದು ಹಳ್ಳ. ಕಳೆದ ವರ್ಷ ಆಗಸ್ಟ್‌ನ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜೋರಾಯಿತು. ಆಂಬುಲೆನ್ಸ್ ಡಾಂಬರು ಮುಗಿಯುವವರೆಗೆ ಬಂದು ನಿಂತಿತ್ತು. ಅಲ್ಲಿಯವರೆಗೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತದ್ದು ಅಪ್ಪ ಮತ್ತು ಪಕ್ಕದ ಮನೆಯವರು. ನಾನು 11 ವರ್ಷ ಹಳೆಯ ಡೀಸೆಲ್ ಫೋರ್ ವ್ಹೀಲ್ ಡ್ರೈವ್ ಜೀಪು ಕೊಂಡದ್ದಕ್ಕೆ ಕಾರಣ ಇಷ್ಟೇ. ಕೊಂಡದ್ದು ಏಪ್ರಿಲ್‌ನಲ್ಲಿ, ಮಳೆಗೆ ಇನ್ನು 7 ವಾರ ಇತ್ತು.

ಇಂಥ ಗಾಡಿಯಲ್ಲಿ ಎರಡು ಡಿಫರೆನ್ಷಿಯಲ್, ಎರಡು ಪ್ರೊಪೆಲ್ಲರ್ ಶಾಫ್ಟ್, ಮಧ್ಯೆ ಒಂದು ಟ್ರಾನ್ಸ್‌ಫರ್ ಕೇಸ್ ಇರುತ್ತೆ. ಬಡಾವಣೆಯಲ್ಲಿ ಒಂದು ರೌಂಡ್ ಹೊಡೆದರೆ ಇವುಗಳ ಕಾಯಿಲೆ ಗೊತ್ತಾಗಲ್ಲ. ಒಂದೊಂದು ಭಾಗ ಒಂದೊಂದು ಥರದ ರಸ್ತೆಯಲ್ಲಿ ಬಾಯಿ ಬಿಡುತ್ತೆ. ಬೆಂಗಳೂರಿನಿಂದ ನಮ್ಮೂರಿಗೆ ಹೋಗುವಾಗ ಎಲ್ಲ ಥರದ ರಸ್ತೆಯೂ ಸಿಗುವುದರಿಂದ ಪ್ರತಿ ಶನಿವಾರ ಅದನ್ನೇ ಪರೀಕ್ಷೆಯ ದಾರಿ ಮಾಡಿಕೊಂಡೆ.

ಹೊರಡುವ ಮುಂಚೆ

ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಮೊದಲ ತಪಾಸಣೆ. ರಾತ್ರಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಕಪ್ಪು ಕಲೆ ಇಂಜಿನ್ ಆಯಿಲ್; ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಅಂಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಸ್ಟಾರ್ಟ್ ಮಾಡಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ, ಕಡಿಮೆ ಖರ್ಚಿನದ್ದು. ನಮ್ಮ ಜೀಪಿನ ಕಪ್ಪು ಹೊಗೆ ಫಿಲ್ಟರ್ ಬದಲಿಸಿದ ದಿನವೇ ಇಳಿಯಿತು.

ನಾಲ್ಕೂ ಟಯರ್ ಒಂದೇ ಅಳತೆಯವೇ ನೋಡಿ. ಟಯರಿನ ಪಕ್ಕದಲ್ಲಿ 3217 ಎಂದಿದ್ದರೆ ಅದು 2017ರ 32ನೇ ವಾರ ತಯಾರಾದದ್ದು. ಮುಂದೊಂದು ಅಳತೆ, ಹಿಂದೊಂದು ಅಳತೆ ಇದ್ದರೆ ಫೋರ್ ವ್ಹೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮೇಲೆ ಸುಮ್ಮನೆ ಒತ್ತಡ ಬೀಳುತ್ತೆ.

ನೆಲಮಂಗಲದಿಂದ ಹಾಸನ

ಹೈವೇ ಕೆಲಸ ಸದ್ದು ಕೇಳಿಸುವುದು. ಹಾಡು ಆಫ್ ಮಾಡಿ. ಕುಣಿಗಲ್ ದಾಟುವ ಹೊತ್ತಿಗೆ 70ರ ವೇಗದಲ್ಲಿ ಮುಂದಿನಿಂದ ಗುಂಯ್ ಅನ್ನೋ ಸದ್ದು ಶುರುವಾಯಿತು. ಟಯರಿನದೋ ಬೇರಿಂಗಿನದೋ? ಸ್ಟೇರಿಂಗ್ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಭಾರ ಬಲಗಡೆ ಚಕ್ರಕ್ಕೆ ಬೀಳುತ್ತೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆ ವ್ಹೀಲ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಚನ್ನರಾಯಪಟ್ಟಣದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ನಾಲ್ಕೂ ಹಬ್ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಂದಿನ ಬಲಗಡೆಯದು ಮಾತ್ರ ಕಾದಿತ್ತು. ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೆ ಕಾಯುತ್ತೆ. ಹಾಗಾಗಿ ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಲಡಲಡ ಅಂದರೆ ಬೇರಿಂಗ್. ನಮ್ಮದು ಬೇರಿಂಗೇ.

ಸಕಲೇಶಪುರದಲ್ಲಿ ಎಸ್ಟೇಟ್ ಜೀಪುಗಳನ್ನೇ ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ನನ್ನ ಪಟ್ಟಿ ನೋಡಿ ನಕ್ಕರು. “ಎಲ್ಲಾ ಒಟ್ಟಿಗೆ ಬಿಚ್ಚೋದು ಬೇಡ ಸಾರ್. ಒಂದು ಸರಿ ಮಾಡ್ತೀನಿ, ಓಡಿಸ್ಕೊಂಡು ಬನ್ನಿ. ಆಮೇಲೆ ಇನ್ನೊಂದು. ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ” ಎಂದರು. ನಾವು ಆಫೀಸಿನಲ್ಲಿ ಬಗ್ ಹುಡುಕುವ ಕ್ರಮವೂ ಇದೇ.

ಬಿಸಿಲೆ ಘಾಟ್

ಏರುದಾರಿ ಕ್ಲಚ್ ಮತ್ತು ರೇಡಿಯೇಟರಿನ ಪರೀಕ್ಷೆ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ವೇಗ ಹಿಡಿಯಲ್ಲ ಎಂದರೆ ಕ್ಲಚ್ ಜಾರುತ್ತಿದೆ. ನಮ್ಮದು ಜಾರುತ್ತಿತ್ತು. ಟೆಂಪರೇಚರ್ ಮುಳ್ಳು ನಿಧಾನದ ಏರಿನಲ್ಲಿ ಮಾತ್ರ ಮೇಲೆ ಹೋದರೆ ಮೊದಲು ಫ್ಯಾನ್ ನೋಡಿ; ಹೈವೇ ವೇಗದಲ್ಲೂ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕಿ ಇಂಜಿನ್ನೇ ಗಾಡಿಯನ್ನು ತಡೆಯುವಂತೆ ಇಳಿಸಿ. ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆದರೆ ಅವತ್ತೇ ತೋರಿಸಿ. ಗೇರ್ ಮುಂದಕ್ಕೂ ರಿವರ್ಸ್‌ಗೂ ಬದಲಿಸುವಾಗ ಕೆಳಗಿನಿಂದ ಟಕ್ ಅನ್ನುವುದು ಬಹುತೇಕ ಸವೆದ ಯೂನಿವರ್ಸಲ್ ಜಾಯಿಂಟ್. ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ಶಾಫ್ಟನ್ನು ಕೈಯಲ್ಲಿ ತಿರುವಿದರೆ ಜಾಯಿಂಟಿನಲ್ಲಿ ಆಟ ಇದೆಯೇ ಗೊತ್ತಾಗುತ್ತೆ.

ಮನೆಯ ಮಣ್ಣುದಾರಿ

ಮೇ ತಿಂಗಳ ಮೊದಲ ಜೋರು ಮಳೆಯಾದ ಮಾರನೇ ದಿನ ಫೋರ್ ವ್ಹೀಲ್ ಹಾಕಿ ಮನೆ ಏರು ಹತ್ತಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತ್ತು, ಆದರೂ ಗಾಡಿ ಹತ್ತಲಿಲ್ಲ. ಅಪ್ಪ ಹೊರಗೆ ನಿಂತು ನೋಡಿ, “ಮುಂದಿನ ಚಕ್ರ ತಿರುಗ್ತಾನೇ ಇಲ್ಲ ಕಣೋ” ಎಂದರು. ನಮ್ಮ ಜೀಪಿನಲ್ಲಿ ಮುಂದಿನ ಚಕ್ರಗಳ ಹಬ್‌ಗಳನ್ನು ಕೈಯಿಂದಲೇ ಲಾಕ್ ಮಾಡಬೇಕು. ಬಲಗಡೆಯದು ತುಕ್ಕು ಹಿಡಿದು ಒಳಗೆ ಕಚ್ಚಿಕೊಳ್ಳುತ್ತಿರಲಿಲ್ಲ. ಡಿಫರೆನ್ಷಿಯಲ್ ಬಲವೆಲ್ಲ ಸುಲಭವಾಗಿ ತಿರುಗುವ ಕಡೆಗೇ ಹೋಗುವುದರಿಂದ ಒಂದು ಹಬ್ ಕೈಕೊಟ್ಟರೆ ಮುಂದಿನ ಎರಡೂ ಚಕ್ರ ಎಳೆಯಲ್ಲ. ಚಕ್ರ ಎತ್ತಿ, ಹಬ್ ಲಾಕ್ ಮಾಡಿ, ಕೈಯಲ್ಲಿ ತಿರುಗಿಸಿ. ಒಳಗಿನ ಆಕ್ಸಲ್ ಶಾಫ್ಟೂ ಜೊತೆಗೆ ತಿರುಗಬೇಕು.

ಹಳ್ಳ ದಾಟುವವರಿಗೆ ಇನ್ನೊಂದು ಮುಖ್ಯ ವಿಷಯ: ಡಿಫರೆನ್ಷಿಯಲ್‌ಗೆ ಉಸಿರಾಡಲು ಸಣ್ಣ ಕೊಳವೆ ಇರುತ್ತೆ. ಅದು ಕಟ್ಟಿಕೊಂಡರೆ, ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ನಮ್ಮ ಹಿಂದಿನ ಡಿಫರೆನ್ಷಿಯಲ್‌ನಿಂದ ಬಂದದ್ದು ಅಂಥದ್ದೇ.

ಬೇರಿಂಗ್, ಹಬ್, ಕ್ಲಚ್, ಆಯಿಲ್ ಎಲ್ಲ ಮುಗಿಯುವಾಗ ಮೇ ಕೊನೆ. ಅಮ್ಮ ಮೊದಲ ಸಲ ಹತ್ತಲು ಬಂದು, “ಇಷ್ಟು ಎತ್ತರ ಹೆಂಗೋ ಹತ್ತಲಿ? ಉಸಿರು ಕಟ್ಟಿದಾಗ ಕಾಲು ಎತ್ತಕ್ಕಾಗುತ್ತಾ?” ಎಂದು ಕೇಳಿದರು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೇಸ್ತ್ರಿ ಎಡಗಡೆ ಬಾಗಿಲ ಕೆಳಗೆ ಅಗಲವಾದ ಮೆಟ್ಟಿಲು, ಕೈಗೆ ಸಿಗುವಂತೆ ಒಂದು ಹಿಡಿ ವೆಲ್ಡ್ ಮಾಡಿಕೊಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ವಾರದ ದಿನ ನಾನು ಊರಲ್ಲಿರಲ್ಲ. ಆಗ ಜೀಪು ಓಡಿಸುವವನು ಲೈಸೆನ್ಸ್ ಇರುವ ಪಕ್ಕದ ಮನೆಯ ಹುಡುಗ. ಅವನಿಂದ ಒಂದು ಭಾನುವಾರ ಕತ್ತಲಲ್ಲಿ ಹಳ್ಳ ದಾಟಿಸಿ ಅಭ್ಯಾಸ ಮಾಡಿಸಿದೆ. ಡ್ಯಾಶ್‌ಬೋರ್ಡ್ ಮೇಲೆ ನಾಲ್ಕು ಸಾಲು ಬರೆದು ಅಂಟಿಸಿದ್ದೇನೆ: ಎರಡೂ ಹಬ್ ಲಾಕ್ ಮಾಡು. ಹಳ್ಳಕ್ಕೆ ಮುಂಚೆ ನಿಲ್ಲಿಸಿ ಫೋರ್ ಎಲ್ ಹಾಕು. ಡಾಂಬರು ಸಿಕ್ಕ ತಕ್ಷಣ ಟೂ ವ್ಹೀಲ್‌ಗೆ ಬಾ. ನೀರು ಮೆಟ್ಟಿಲು ಮುಟ್ಟುವಷ್ಟಿದ್ದರೆ ದಾಟಬೇಡ, ಫೋನ್ ಮಾಡು.